ತೊಲೆಯ ಮೇಲಿನ ಗಂಟು

"ಎಲ್ಲಾ ಗಂಟೂ ಬಿಚ್ಚಿ ಅಳಿಯಂದ್ರೇ, ಅದೊಂದನ್ನ ಬಿಟ್ಟು," ಎಂದಳು ವೈಮಾರ್ಕ್. ಬೆರಳು ತೋರಿಸಲಿಲ್ಲ, ಮಾಡಿನ ನೆತ್ತಿಯತ್ತ ಗದ್ದವನ್ನಷ್ಟೇ ಎತ್ತಿದಳು.

ಹಾಮನ್ ನಕ್ಕ. ಪಟ್ಟಣದಲ್ಲಿ ಹೆಂಚು ಹೊದಿಸಿಕೊಂಡಿದ್ದವನು ಅವಳ ಮಗಳು ಐಡೊನಿಯನ್ನು ಮದುವೆಯಾಗಿ ಈ ಹಳ್ಳಿಗೆ ಮನೆಅಳಿಯನಾಗಿ ಬಂದಿದ್ದ. "ನಿಮ್ಮೂರಲ್ಲಿ ಮಗು ಹೊಟ್ಟೇಲಿರುತ್ತೋ ಹಗ್ಗದಲ್ಲೋ, ಅತ್ತೆ?"

"ನಗಿ, ನಗಿ. ಹೆರೋರು ನೀವಲ್ಲವಲ್ಲ."

ಹೆರಿಗೆಯ ಮನೆಯಲ್ಲಿ ಗಂಟು ಇದ್ದರೆ ಮಗು ಒಳಗೇ ಸಿಕ್ಕಿಕೊಳ್ಳುತ್ತದೆ ಎಂಬುದು ಆ ಸೀಮೆಯ ನಂಬಿಕೆ. ಐಡೊನಿಯ ಜಡೆ, ಹಸುವಿನ ಕೊರಳ ಹಗ್ಗ, ಬಾರ್ಲಿ ಚೀಲದ ಬಾಯಿ, ಹಾಮನ್‌ನ ಜೋಡಿನ ದಾರ, ಎಲ್ಲವನ್ನೂ ವೈಮಾರ್ಕ್ ಬಿಚ್ಚಿಸಿದ್ದಳು.

ಒಂದೇ ಓಕ್ ಮರವನ್ನು ಉದ್ದಕ್ಕೆ ಸೀಳಿ, ಬಾಗಿದ ಎರಡು ಹೋಳುಗಳನ್ನು ಎದುರುಬದುರು ನಿಲ್ಲಿಸಿ ತಲೆ ಕೂಡಿಸಿದ ಮನೆ ಅದು. ಹೆಣೆದ ಕಡ್ಡಿಗೆ ಮಣ್ಣು, ಸಗಣಿ ಮೆತ್ತಿದ ಗೋಡೆ. ನಡುಮನೆಯ ಬೆಂಕಿಯ ಹೊಗೆ ಮಾಡಿಗೆ ಹೊದಿಸಿದ ಹುಲ್ಲಿನೊಳಗೇ ನುಸುಳಿ ಹೊರಗೆ ಹೋಗಬೇಕು. ಹುಲ್ಲು ಹಳತಾದರೆ ಮೇಲೊಂದು ಪದರ ಹೊದಿಸುತ್ತಿದ್ದರೇ ಹೊರತು ಅಡಿಯದನ್ನು ಯಾರೂ ಕೀಳುತ್ತಿರಲಿಲ್ಲ. ಆ ಅಡಿಹುಲ್ಲು ಮಸಿ ಕುಡಿದು ಕುಡಿದು ಕಾಗೆಯ ರೆಕ್ಕೆಯಂತೆ ಮಿರುಗುತ್ತಿತ್ತು. ಅದರ ನಡುವೆ, ಮರಗಳು ತಲೆಗೂಡುವಲ್ಲಿ, ತೊಲೆಗೆ ಬಿಗಿದ ಹುಲ್ಲುಹಗ್ಗದ ಮುಷ್ಟಿಗಾತ್ರದ ಗಂಟು.

ಆ ಮರಗಳು ಮೊದಲು ಗೊಡೆಲಿವ ಎಂಬ ಬಾಣಂತಿಯ ಗುಡಿಸಲಿನವು. ವೈಮಾರ್ಕಳ ಹಿರಿಯರು ಅವಳನ್ನು ಹಿಮಕ್ಕೆ ತಳ್ಳಿ, ಗುಡಿಸಲು ಬಿಚ್ಚಿ, ಮರ ಹೊತ್ತು ತಂದು ಈ ಮನೆ ಎಬ್ಬಿಸಿದರು. ಅವಳ ಕೂಸು ಅತ್ತು ಅತ್ತು ಚಳಿಗೆ ಸತ್ತಿತು. ಆ ಅಳು ಈ ಮಾಡಿನಲ್ಲೇ ನಿಲ್ಲಲಿ, ಇಲ್ಲಿ ಹುಟ್ಟುವ ಕೂಸಿನ ದನಿ ಆ ಅಳುವಿಗೇ ಸಲ್ಲಲಿ ಎಂದು ಅವಳು ಮಾಟ ಮಾಡಿದಳು. ಮಂತ್ರ ಬಲ್ಲ ಹುಲ್ಲು ಹೊದಿಸುವವನೊಬ್ಬ ಆ ಮಾಟವನ್ನು ಈ ಹಗ್ಗದ ಗಂಟಿನಲ್ಲಿ ಕಟ್ಟಿಟ್ಟ. ಇದನ್ನು ಕೇಳಿದ ದಿನ ಹಾಮನ್ ನಕ್ಕು ನಕ್ಕು ಬಾಯಲ್ಲಿದ್ದ ರೊಟ್ಟಿ ಉಗುಳಿದ್ದ.

ಗಂಟು ಬಿಚ್ಚಿಸಿದ ಮರುದಿನ ಮಧ್ಯಾಹ್ನಕ್ಕೆ ಆ ನಗು ಇರಲಿಲ್ಲ. ಐಡೊನಿ ನೋವಿಗೆ ಕೂಗುತ್ತಿದ್ದವಳು ಕೂಗುವುದನ್ನೂ ನಿಲ್ಲಿಸಿದ್ದಳು. ಹೊರಗೆ ಬಿಸಿಲಿದ್ದರೂ ಒಳಗೆ ಹೊಗೆಗತ್ತಲೆ. ರಕ್ತದ ವಾಸನೆ, ಹಸುವಿನ ಉಸಿರು, ಒದ್ದೆ ಹುಲ್ಲಿನ ಕಮಟು. ನಿನ್ನೆ ನಕ್ಕವನು ಈಗ ತಾನೇ ಮೂಲೆಮೂಲೆಯಲ್ಲಿ ಗಂಟು ಹುಡುಕುತ್ತಿದ್ದ. ಏನನ್ನೂ ನಂಬದವನಾಗಿದ್ದರೆ ಸುಮ್ಮನೆ ಕೂರುತ್ತಿದ್ದ. ಪೂರ್ತಿ ನಂಬಿದವನೂ ಕೂರುತ್ತಿದ್ದ. ಹಾಮನ್ ಅರ್ಧ ನಂಬಿದ್ದ.

ಏಣಿ ಎಳೆದು ಹತ್ತಿದ.

"ಇಳೀರಿ!" ವೈಮಾರ್ಕ್ ಮಗಳನ್ನು ಬಿಟ್ಟು ಏಳುವಂತಿರಲಿಲ್ಲ. "ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ಮುಟ್ಬೇಡಿ!"

"ಸಾಯ್ತಿದಾಳೆ ಅತ್ತೆ! ಕಾಣ್ತಿಲ್ವಾ ನಿಮಗೆ?"

ಹೊಗೆ ಕಣ್ಣು ಕಚ್ಚಿತು. ಗಂಟು ಕೈಗೆ ಸಿಕ್ಕಿತು. ಬೆಚ್ಚಗಿತ್ತು. ಉಗುರು ಹಾಕುವ ಮೊದಲೇ ಸಡಿಲವಾಯಿತು. ಮಸಿ ಸುರಿಯಿತು. ಬೆಂಕಿ ಒಮ್ಮೆ ಮಲಗಿ ಎದ್ದಿತು. ಕೆಳಗೆ ಐಡೊನಿ ಚೀರಿದಳು.

ಮಗು ಜಾರಿ ಬಂತು. ಗಂಡು. ಕೈಕಾಲು ಆಡಿಸುತ್ತಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಎದೆ ಏರಿತು, ಇಳಿಯಿತು. ಸದ್ದಿಲ್ಲ.

ಅಳು ಕೇಳಿಸಿತು. ಹಾಮನ್‌ನ ಕಿವಿಯ ಪಕ್ಕದಲ್ಲಿ. ಕರಿಹುಲ್ಲಿನೊಳಗಿನಿಂದ.

ಅವನು ಹಗ್ಗದ ತುದಿಗಳನ್ನು ಬಾಚಿ ಹಿಡಿದು ಬಿಗಿದ. ಅಳು ನಿಂತಿತು. "ನೀಲಿಯಾಗ್ತಿದೆ! ಕೂಸು ನೀಲಿಯಾಗ್ತಿದೆ!" ವೈಮಾರ್ಕ್ ಅರಚಿದಳು. ಸಡಿಲಿಸಿದ. ಮೇಲೆ ಅಳು ಹರಿಯಿತು. ಕೆಳಗೆ ಕೂಸಿನ ಮೈ ಕೆಂಪೇರಿತು.

ಇನ್ನೊಮ್ಮೆ ಬಿಗಿಯುವ ಧೈರ್ಯ ಅವನಿಗಾಗಲಿಲ್ಲ. ಏಣಿಯ ಒಂದು ಮೆಟ್ಟಿಲು ಇಳಿದ.

ಐಡೊನಿ ಮೂಕ ಕೂಸನ್ನು ಎದೆಗೊತ್ತಿಕೊಂಡಿದ್ದಳು. ಅವಳ ನೋಟ ಕೂಸಿನ ಮೇಲಿರಲಿಲ್ಲ, ಮಾಡಿನ ಮೇಲಿತ್ತು.

"ಇಳೀಬೇಡ," ಎಂದಳು ಗಂಡನಿಗೆ, ಮೆಲ್ಲಗೆ. "ಅಳ್ತಿದೆಯಲ್ಲ, ಎತ್ಕೊಳ್ಳೋ."