ಕಪ್ಪು ಬಾಯಿಯ ಹಲ್ಲಿಗಳು

ಮೇ 12ರ ಬೆಳಿಗ್ಗೆ 10.20ಕ್ಕೆ ಆನೆಗೊಂದಿಯ ಬಾಳೆ ವ್ಯಾಪಾರಿ ಬಸವಕುಮಾರ ಗಂಗಾವತಿಯ ಠಾಣೆಗೆ ಬಂದು ದೂರು ಕೊಟ್ಟರು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವ ಮಗಳು ಅಮೃತಾ ಸಾಕಿದ್ದ ಎರಡು ಎಲೆಬಾಲದ ಹಲ್ಲಿಗಳು ಮನೆಯ ಗಾಜಿನ ಪೆಟ್ಟಿಗೆಯಿಂದ ಕಳವಾಗಿವೆ. ಮಡಗಾಸ್ಕರ್ ಮೂಲದವು, ಅರಣ್ಯ ಇಲಾಖೆಯಲ್ಲಿ ನೋಂದಣಿಯಾದವು. ಅನುಮಾನ ಜಾಕೀರನ ಮೇಲೆ. ಪೇಟೆಯಲ್ಲಿ ಬಣ್ಣದ ಮೀನು ಮಾರುವ ಅವನೇ ವಾರಕ್ಕೊಮ್ಮೆ ಆ ಹಲ್ಲಿಗಳಿಗೆ ಮಿಡತೆ ತಂದುಕೊಡುತ್ತಿದ್ದ.

ಇನ್ಸ್‌ಪೆಕ್ಟರ್ ಶಿವಲೀಲಾ ಎಫ್‌ಐಆರ್ ದಾಖಲಿಸಿದರು. ಮಧ್ಯಾಹ್ನ ಒಂದಕ್ಕೆ ಜಾಕೀರನ ಅಂಗಡಿಯಲ್ಲಿ ಅಂಥವೇ ಎರಡು ಸಿಕ್ಕವು. ಮರದ ತೊಗಟೆಯಂಥ ಮೈ, ಒಣ ಎಲೆಯಂಥ ಚಪ್ಪಟೆ ಬಾಲ. ಗಿರಾಕಿಯೊಬ್ಬರಿಗಾಗಿ ಚೆನ್ನೈನಿಂದ ತರಿಸಿದ್ದೇನೆ, ಕಾಗದ ಇನ್ನೂ ಬರಬೇಕು ಎಂದ ಜಾಕೀರ.

ಕಾನ್‌ಸ್ಟೆಬಲ್ ಕರಿಬಸಪ್ಪ ನಕ್ಕ. "ಹಲ್ಲಿ ಮುಂದಿನ ಬಸ್ಸಿಗೆ ಬಂದ್ವು, ಟಿಕೀಟು ಹಿಂದಿನ ಬಸ್ಸಿಗೆ ಬರತಾವೇನೋ?"

ಪಂಚನಾಮೆ ಮುಗಿಸಿ, ಹಲ್ಲಿಗಳ ಸಮೇತ ಅವನನ್ನು ಠಾಣೆಗೆ ತಂದರು. ಬಸವಕುಮಾರ ಬಾಲ ನೋಡಿ, ಇವು ನಮ್ಮವೇ ಎಂದು ಗುರುತಿಸಿದರು.

"ಮೇಡಂ, ಕಳ್ಳ ಅಂತ ಒಮ್ಮೆ ಹೆಸರು ಬಂತಂದ್ರ ನನ್ನ ಅಂಗಡಿಗೆ ಯಾರ ಬರ್ತಾರ್ರಿ?" ಎಂದ ಜಾಕೀರ.

ಬರೀ ಬಾಲ ನಂಬಿ ಒಬ್ಬನನ್ನು ಜೈಲಿಗೆ ಕಳಿಸಲು ಶಿವಲೀಲಾ ಅವರಿಗೆ ಮನಸ್ಸು ಒಪ್ಪಲಿಲ್ಲ. ಅಮೃತಾಳಿಗೆ ಫೋನು ಮಾಡಿ ಕರೆಸಿದರು.

ಅವಳು ಬಂದದ್ದು ಸಂಜೆ 5.40ಕ್ಕೆ. ಬಂದವಳೇ ಹಲ್ಲಿಯ ಮೂತಿಯ ಮುಂದೆ ಬೆರಳು ಒಡ್ಡಿದಳು. ಅದು ಬೆದರಿ ಬಾಯಿ ತೆರೆಯಿತು. ಒಳಗೆ ತಿಳಿ ಗುಲಾಬಿ. ಇನ್ನೊಂದೂ ಹಾಗೆಯೇ.

"ಇವು ನಮ್ಮವಲ್ಲರಿ. ಮ್ಯಾಲೆ ನೋಡಿದ್ರ ಎರಡೂ ಜಾತಿ ಒಂದ ಥರ ಕಾಣ್ತಾವು. ನಮ್ಮವುಕ್ಕ ಬಾಯೊಳಗ ಕರ್ರಗ ಐತಿ."

ಅವಳ ಮೊಬೈಲಿನ ಫೋಟೋ, ನೋಂದಣಿ ಪತ್ರದಲ್ಲಿದ್ದ ಜಾತಿಯ ಹೆಸರು, ಎರಡೂ ಅದನ್ನೇ ಹೇಳಿದವು. ಬಸವಕುಮಾರ ತಲೆ ತಗ್ಗಿಸಿದರು. ಶಿವಲೀಲಾ ಅದನ್ನು ಗಮನಿಸಿ ಬಸವಕುಮಾರರನ್ನು ಒಳಕೋಣೆಗೆ ಕರೆದರು.

"ನಿಮ್ಮವು ಎಲ್ಲಿ ಅದಾವ್ರಿ?"

"ಹಿತ್ತಲದಾಗ. ಕರಿಬೇವಿನ ಗಿಡದ ಬುಡಕ."

ತಂಪು ನಾಡಿನ ಜೀವಗಳು. ದಿನಕ್ಕೆರಡು ಸಲ ನೀರು ಚಿಮುಕಿಸಿ, ಏಸಿ ಹಾಕಿಡಿ ಎಂದು ಮಗಳು ಹೇಳಿ ಹೋಗಿದ್ದಳು. ಹುಲಿಗಿಯ ಗುಡಿಗೆ ಹೋದ ದಿನ ಬಸವಕುಮಾರ ಅಭ್ಯಾಸಬಲದಿಂದ ಏಸಿ ಆರಿಸಿ ಬಾಗಿಲು ಹಾಕಿದ್ದರು. ಮರಳುವಷ್ಟರಲ್ಲಿ ಎರಡೂ ಸತ್ತಿದ್ದವು. ಜಾಕೀರನ ಅಂಗಡಿಯಲ್ಲಿ ಅಂಥವೇ ಕಂಡದ್ದು ಆಮೇಲೆ. ಕಳವಿನ ದೂರು ಕೊಟ್ಟರೆ ಅವೇ ಮಗಳ ಕೈಸೇರುತ್ತವೆ ಎಂದುಕೊಂಡಿದ್ದರು.

"ಜಾಕೀರ ಏನ್ ತಪ್ಪು ಮಾಡಿದ್ದನ್ರಿ?"

"ಮಗಳ ಮುಂದ ಕೊಂದಾಂವ ಆಗೂದಕ್ಕಿಂತ ಕಳಕೊಂಡಾಂವ ಆಗೂದು ಹಗುರ ಅನಿಸ್ತರಿ."

ಜಾಕೀರನನ್ನು ಆಗಲೇ ಮನೆಗೆ ಕಳಿಸಿದರು. ಮರುದಿನ ಪಂಚರ ಎದುರು ಕರಿಬೇವಿನ ಬುಡ ಅಗೆದಾಗ ಸಿಕ್ಕ ಎರಡರ ಬಾಯೂ ಕಪ್ಪು. ಚೆನ್ನೈನ ಕಾಗದ ಕೈಸೇರಿದ ಮೇಲೆ ಕರಿಬಸಪ್ಪನೇ ಪೆಟ್ಟಿಗೆ ಹೊತ್ತು, ಪೇಟೆಯ ಜನರೆಲ್ಲ ನೋಡುವಂತೆ ಜಾಕೀರನ ಅಂಗಡಿಯಲ್ಲಿ ಇಟ್ಟು ಬಂದ. ಸುಳ್ಳು ದೂರಿನ ಪ್ರಕರಣದಲ್ಲಿ ನ್ಯಾಯಾಲಯದ ಅನುಮತಿ ಪಡೆದು, ಮೇ 14ರ ಮಧ್ಯಾಹ್ನ 3.15ಕ್ಕೆ ಬಸವಕುಮಾರರನ್ನು ಬಂಧಿಸಿದರು.

ಅಮೃತಾ ಅಪ್ಪನ ಕಡೆ ತಿರುಗಿ ನೋಡಲಿಲ್ಲ. ಶಿವಲೀಲಾ ಅವರ ಮೇಜಿನ ಮೇಲೆ ಗುಳಿಗೆಯ ಪೊಟ್ಟಣ ಇಟ್ಟಳು.

"ಅಪ್ಪಾಗ ಸಕ್ಕರಿ ಬ್ಯಾನಿ ಐತ್ರಿ. ಹೊತ್ತಿಗೆ ಸರಿಯಾಗಿ ಊಟ ಕೊಡ್ರಿ, ಮರೀಬ್ಯಾಡ್ರಿ."