ಸುಳಿವು ಕೊಡಬಾರದು

ವಿಶ್ವವಿದ್ಯಾಲಯದ ಕುಮಟಾ ಕೇಂದ್ರದಲ್ಲಿ ಲೈಬ್ರರಿಯನ್ ಆಗಿದ್ದ ಮಾಲತಿಗೆ ರೂಪೇಶನ ಮೇಲೆ ಮೊದಲ ದಿನವೇ ಸಿಟ್ಟು ಬಂತು. ಲೈಬ್ರರಿಯ ವೆಬ್‌ಸೈಟನ್ನು ಹೊಸದಾಗಿ ಮಾಡಿಕೊಡಲು ಹೊನ್ನಾವರದಿಂದ ಬಂದವನು, ಅವಳು ಮುತುವರ್ಜಿಯಿಂದ ಮಾಡಿಸಿದ್ದ ಹಳೆಯ ವೆಬ್‌ಸೈಟಿನ ಮುಂದೆ ಭಟ್ಕಳದ ವಿದ್ಯಾರ್ಥಿನಿ ದೀಪಿಕಾಳನ್ನು ಕೂರಿಸಿ, ಬೇಕಾದ ಪುಸ್ತಕ ಇದೆಯೇ ನೋಡು ಎಂದ. ಮಾಲತಿಗೂ ಒಂದು ನಿಯಮ ಹಾಕಿದ: ಹಿಂದೆ ಕೂತು ನೋಡಬೇಕು, ಸುಳಿವು ಕೊಡಬಾರದು.

ದೀಪಿಕಾ ಹುಡುಕಿದಳು. ಸಮಾರಂಭದ ಫೋಟೋಗಳು, ಗಣ್ಯರ ಸಂದೇಶಗಳು, ಮತ್ತೆ ಫೋಟೋಗಳು. ತಡೆಯಲಾರದೆ ಮಾಲತಿ ತೋರಿಸಲು ಕೈ ಚಾಚಿದಳು. ರೂಪೇಶ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದ. ಬಿಡುವುದನ್ನು ಒಂದು ಗಳಿಗೆ ಮರೆತ. ಅವಳೂ ನೆನಪಿಸಲಿಲ್ಲ.

ಕೊನೆಗೂ ಸಿಗದೆ ದೀಪಿಕಾ ನಕ್ಕು, ನಾವೆಲ್ಲ ಬಸ್ಸು ಹತ್ತುವ ಮೊದಲು ಮೇಡಂಗೇ ಫೋನ್ ಮಾಡಿ ಕೇಳುತ್ತೇವೆ ಎಂದಳು. ಮಾಲತಿಯ ಮುಖ ಸಪ್ಪಗಾಯಿತು. ಬೆಳಗಾದರೆ ಬಡಿದುಕೊಳ್ಳುವ ಫೋನಿಗೆ ತನ್ನ ವೆಬ್‌ಸೈಟೇ ಕಾರಣವೆಂದು ಆಗ ಹೊಳೆಯಿತು.

ಆಮೇಲೆ ಇಬ್ಬರೂ ಕೂಡಿಯೇ ಕೆಲಸ ಮಾಡಿದರು. ಫೋಟೋಗಳು ಹಿಂದೆ ಸರಿದವು. ಇವತ್ತು ಲೈಬ್ರರಿ ತೆರೆದಿದೆಯೇ, ಪುಸ್ತಕ ಕಪಾಟಿನಲ್ಲಿದೆಯೇ ಎಂಬುದು ಮುಂದೆ ಬಂತು. ರೂಪೇಶನಿಗೆ ಸಂಜೆಯ ಬಸ್ಸು ತಪ್ಪುವುದು ಹೆಚ್ಚಾಯಿತು. ಹೊಸ ಪುಟವನ್ನು ಮೊಬೈಲಿನಲ್ಲಿ ನೋಡುವ ನೆಪದಲ್ಲಿ ತಲೆಗಳು ಹತ್ತಿರ ಬಂದಾಗ ಅವಳು ಅವನ ರೆಪ್ಪೆಗಳನ್ನೇ ನೋಡುತ್ತಿದ್ದಳು. ಅವನು ತಿರುಗಿದರೆ, "ಅಕ್ಷರ ಸಣ್ಣ ಆತು" ಎಂದುಬಿಡುತ್ತಿದ್ದಳು. ಒಳಗೆ ಮಾತ್ರ ಒಂದೇ ಅಳುಕು. ಕೆಲಸ ಮುಗಿದ ಮೇಲೆ ಇವನು ಯಾಕೆ ಬರುತ್ತಾನೆ?

ಹೊಸ ವೆಬ್‌ಸೈಟ್ ಶುರುವಾಯಿತು, ಫೋನು ತಣ್ಣಗಾಯಿತು, ರೂಪೇಶನೂ ಬರಲಿಲ್ಲ. ಎಷ್ಟೋ ದಿನದಿಂದ ಬೇಕೆಂದಿದ್ದ ನೆಮ್ಮದಿಯನ್ನು ಅವಳಿಗೆ ಒಂದು ವಾರವೂ ಸಹಿಸಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಫೋನು ಬಡಿದುಕೊಂಡಾಗ ಓಡಿಹೋಗಿ ಎತ್ತಿದಳು.

"ಲೈಬ್ರರಿ ಇವತ್ತು ಓಪನ್ ಇದ್ಯಾ ಮೇಡಂ?" ರೂಪೇಶನ ದನಿ.

"ನೀವೇ ಮಾಡಿದ ವೆಬ್‌ಸೈಟಲ್ಲಿ ಇದ್ಯಲ."

"ನಂಗೆ ಬೇಕಾದ್ದು ಅದ್ರಲ್ಲಿ ಸಿಗ್ಲಿಲ್ಲ."

"ಎಂತ ಬೇಕಿತ್ತು?"

ಅವನು ಕೆಮ್ಮಿದ, ತಡವರಿಸಿದ, ಸ್ವಲ್ಪ ಸಹಾಯ ಮಾಡಿ ಎಂದ. ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ತುಟಿ ಕಚ್ಚಿಕೊಂಡಳು.

"ಸುಳಿವು ಕೊಡಬಾರ್ದು ಅಂತ ನೀವೇ ಹೇಳಿದ್ದು."

ಆ ಕಡೆ ಯಾರೋ ಕುಮಟಾ, ಕುಮಟಾ ಎಂದು ಕೂಗುತ್ತಿದ್ದರು. ಅವನು ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ.

"ನೀವು ಬೇಕು, ಮಾಲತಿ. ಮದ್ವೆ ಆಗ್ವ. ಇಲ್ಲ ಅಂದ್ರೆ ಇಲ್ಲಿಂದ್ಲೇ ಮನೆಗೆ ಹೋಗ್ತೆ."

ಅಬ್ಬ ಎಂದು ಅವಳು ಕುರ್ಚಿಯಲ್ಲಿ ಕುಸಿದಳು. ಅಳುವೂ ನಗುವೂ ಒಟ್ಟಿಗೇ ಬಂದವು.

"ಆತು," ಎಂದಳು. "ಬಸ್ಸು ಹತ್ತಿ."