ಒಳಗೆ ಸರಿಯದ ಸಾಲು

“ನಿನ್ನೆ ತನಕ ಚೆನ್ನಾಗೇ ಇತ್ತಲ್ಲ, ಇವತ್ತು ಏನಾತು?” ಎಂದು ಪರಶುರಾಮ್ ಬಗ್ಗಿ ನೋಡಿದ.

ಅಕ್ಷಿತಾ ಪ್ರೋಗ್ರಾಂ ಮತ್ತೆ ರನ್ ಮಾಡಿದಳು. ಮತ್ತೆ ‘ತಪ್ಪು’ ಎನ್ನುವ ಕೆಂಪು ಅಕ್ಷರ!

ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಇಬ್ಬರೂ ಸೇರಿ ಸೂಳೆಕೆರೆಯ ಮೀನುಗಳ ಬಗ್ಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಕ್ವಿಜ್ ಬರೆಯುತ್ತಿದ್ದರು. ನಾಳೆ ಚನ್ನಗಿರಿಯ ವಿಜ್ಞಾನ ಪ್ರದರ್ಶನದಲ್ಲಿ ಅದನ್ನು ತೋರಿಸಬೇಕು. ಪೈಥಾನ್‌ನಲ್ಲಿ ‘ಇಫ್’ ಸಾಲಿನ ಕೆಳಗಿನ ಸಾಲು ನಾಲ್ಕು ಜಾಗ ಒಳಗೆ ಸರಿದಿರಬೇಕು. ಇಷ್ಟು ದಿನ ಎಂಟರ್ ಒತ್ತಿದ ಕೂಡಲೇ ಪ್ರೋಗ್ರಾಂ ಬರೆಯುವ ಎಡಿಟರ್ ತಾನೇ ಸರಿಸಿಕೊಡುತ್ತಿತ್ತು. ಈಗ ಎಲ್ಲ ಸಾಲುಗಳೂ ಎಡ ಅಂಚಿಗೇ ಬಂದು ನಿಲ್ಲುತ್ತಿದ್ದವು.

ಬೆಳಗ್ಗೆ ಎಡಿಟರ್‌ನ ‘ಅಪ್‌ಡೇಟ್’ ಒತ್ತಿದ್ದು ಅಕ್ಷಿತಾಳೇ. ಅದನ್ನು ಯಾರಿಗೂ ಹೇಳಿರಲಿಲ್ಲ.

ಕಂಪ್ಯೂಟರ್ ಹೇಳಿಕೊಡುವ ಪ್ರೇಮಲತಾ ಮಿಸ್ ಬಂದು ನೋಡಿದರು. “ಯಾಕೆ ಹಿಂಗಾತು ಅಂತ ನಂಗೂ ಗೊತ್ತಿಲ್ಲ. ಹುಡುಕಾನ,” ಎಂದು ಸ್ಟೂಲ್ ಎಳೆದುಕೊಂಡರು.

ಮಿಸ್‌ಗೂ ಗೊತ್ತಿಲ್ಲವೇ! ಅಕ್ಷಿತಾ ತಿರುಗಿ ಅವರತ್ತ ನೋಡಿದಳು.

“ಸೆಟಿಂಗ್ಸ್ ಎಲ್ಲಾ ಚೇಂಜ್ ಮಾಡಿಬಿಡಾನ ಮಿಸ್?” ಎಂದ ಪರಶುರಾಮ್.

“ಎಲ್ಲಾ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಯಾತು ಅಂತ ಹೆಂಗೆ ಗೊತ್ತಾಗ್ತೈತೆ? ಒಂದೊಂದೇ ನೋಡಾನ.”

ಪಕ್ಕದ ಕಂಪ್ಯೂಟರ್‌ನಲ್ಲಿ ಎಡಿಟರ್ ಹಳೆಯದೇ ಇತ್ತು. ಅದೇ ಫೈಲನ್ನು ಅಲ್ಲಿ ತೆರೆದು ಎಂಟರ್ ಒತ್ತಿದರು. ಸಾಲು ಒಳಗೆ ಸರಿಯಿತು. ಅಂದರೆ ಫೈಲ್ ಕೆಟ್ಟಿಲ್ಲ. ಇಲ್ಲಿ ಸಾಲನ್ನು ತಾನೇ ಒಳಗೆ ಸರಿಸುವ ‘ಆಟೋ ಇಂಡೆಂಟ್’ ಆನ್ ಇದೆಯೇ ನೋಡಿದರು. ಇತ್ತು. ಆಫ್ ಮಾಡಿ ಆನ್ ಮಾಡಿದರು. ಉಹೂಂ. ನೋಡಿದ್ದನ್ನೆಲ್ಲ ಮಿಸ್ ಚೀಟಿಯಲ್ಲಿ ಬರೆದು ಗೀಟು ಹಾಕುತ್ತಿದ್ದರು. ಊಟದ ಬೆಲ್ ಹೊಡೆದರೂ ಏಳಲಿಲ್ಲ. ಒಮ್ಮೆಯೂ ಸಿಡುಕಲಿಲ್ಲ. ಅಕ್ಷಿತಾ ಕಂಪ್ಯೂಟರ್ ಬಿಟ್ಟು ಅವರ ಮುಖವನ್ನೇ ನೋಡತೊಡಗಿದಳು.

“ನನ್ನ ಮುಖ ಅಲ್ಲ, ಎರಡೂ ಸ್ಕ್ರೀನ್ ನೋಡು. ಏನು ಬೇರೆ ಐತೆ?”

ಅಕ್ಷಿತಾ ಮೇಲಿಂದ ಕೆಳಗೆ ಕಣ್ಣಾಡಿಸಿದಳು. ಕೆಳಗೆ, ಮೂಲೆಯಲ್ಲಿ, ಸಣ್ಣ ಅಕ್ಷರ.

“ಮಿಸ್! ಅಲ್ಲಿ ‘ಪೈಥಾನ್’ ಅಂತ ಐತೆ. ಇಲ್ಲಿ ‘ಪ್ಲೇನ್ ಟೆಕ್ಸ್ಟ್’!”

“ಓಹೋ! ಹೊಸ ಎಡಿಟರ್ ಇದನ್ನ ಪ್ರೋಗ್ರಾಂ ಅಂತಾನೇ ತಿಳ್ಕಂಡಿಲ್ಲ. ಯಾವುದೋ ಪತ್ರ ಅಂದ್ಕಂಡೈತೆ!” ಮಿಸ್ ಜೋರಾಗಿ ನಕ್ಕರು.

ಅಕ್ಷಿತಾ ‘ಪೈಥಾನ್’ ಆರಿಸಿ ಎಂಟರ್ ಒತ್ತಿದಳು. ಕರ್ಸರ್ ಟಕ್ಕನೆ ಒಳಗೆ ಸರಿಯಿತು. ಪರಶುರಾಮ್ ಕುಣಿದೇಬಿಟ್ಟ. ಅಂಚಿಗೆ ನಿಂತಿದ್ದ ಸಾಲುಗಳನ್ನು ಸರಿಪಡಿಸಿದ ಮೇಲೆ ಕ್ವಿಜ್ ಓಡಿತು.

“ಮಿಸ್… ಅಪ್‌ಡೇಟ್ ಒತ್ತಿದ್ದು ನಾನೇ.”

ಮಿಸ್ ಅವಳನ್ನೊಮ್ಮೆ ನೋಡಿ, ಚೀಟಿಯನ್ನು ಅವಳ ಕೈಗಿಟ್ಟರು. “ಹೌದಾ? ಹಂಗಾದ್ರೆ ಪ್ರದರ್ಶನ ಮುಗಿದ ಮೇಲೆ ಉಳಿದ ನಾಲ್ಕು ಕಂಪ್ಯೂಟರ್‌ಗೂ ನೀನೇ ಅಪ್‌ಡೇಟ್ ಮಾಡು. ಈಗ ಊಟಕ್ಕೆ ನಡೀರಿ.”

ಸೋಮವಾರ ಅಕ್ಷಿತಾ ಮೊದಲನೇ ಕಂಪ್ಯೂಟರ್ ಮುಂದೆ ಕೂತಳು. ಏನಾದರೂ ಕೆಟ್ಟರೆ? ಕೆಟ್ಟರೆ ಹುಡುಕಿದರಾಯಿತು. ಮಿಸ್ ಕೊಟ್ಟಿದ್ದ ಚೀಟಿಯ ಹಿಂಬದಿ ಪೂರ್ತಿ ಖಾಲಿ ಇತ್ತು. ಪೆನ್ನಿನ ಮುಚ್ಚಳ ತೆಗೆದಳು.